ಕೋವಿಡ್ ಕಾಲದಲ್ಲಿ ಕೊಂಡದ್ದರಲ್ಲಿ ಇವತ್ತಿಗೂ ಬಳಸ್ತಿರೋದು ಯಾವುದು?

ಅಟ್ಟದ ಮೇಲೆ
ಮನೆ ಖಾಲಿ ಮಾಡ್ತಾ ಇದ್ದೇವೆ. ಅಟ್ಟದಿಂದ ಇಳಿಸಿದ ಡಬ್ಬಗಳ ತುಂಬ 2020-21ರ ಸಾಮಾನೇ. ಆಕ್ಸಿಮೀಟರ್, ಹಣೆಗೆ ಹಿಡಿಯೋ ಥರ್ಮಾಮೀಟರ್, ಫೇಸ್ ಶೀಲ್ಡ್, ಮೊಬೈಲ್ ಒಳಗಿಟ್ಟು ಮುಚ್ಚೋ ಯುವಿ (ಅತಿನೇರಳೆ ಬೆಳಕಿನ) ಪೆಟ್ಟಿಗೆ, ದೊಡ್ಡ ಕ್ಯಾನಿನ ತಳದಲ್ಲಿ ಉಳಿದ ಸ್ಯಾನಿಟೈಸರ್, ರಿಂಗ್ ಲೈಟ್, ಯಾರೂ ಬಿಚ್ಚದ ಎನ್95 ಮಾಸ್ಕಿನ ಕಟ್ಟು. ಎಲ್ಲ ಎಸೆದುಬಿಡಿ ಅಂತಾರೆ ನಮ್ಮ ಯಜಮಾನರು. ನನಗೆ ಕೈ ಬರ್ತಿಲ್ಲ. ಆಗ ನೀವು ಕೊಂಡಿದ್ದರಲ್ಲಿ ಈಗಲೂ ಕೈಗೆ ಸಿಗೋ ಹಾಗೆ ಇಟ್ಟುಕೊಂಡಿರೋದು ಯಾವುದು? ಇದರಲ್ಲಿ ಇಡಬೇಕಾದ್ದು ಏನಾದರೂ ಇದೆಯಾ?

ಬೆನ್ನುಮೂಳೆ
ಕುರ್ಚಿ. ಎರಡನೇ ಮಾತೇ ಇಲ್ಲ. ಊಟದ ಮೇಜಿನ ಕುರ್ಚಿಯಲ್ಲಿ ಕೂತು ಆಫೀಸ್ ಕೆಲಸ ಮಾಡಿ ಸೊಂಟ ಹಿಡಿದ ಮೇಲೆ ತರಿಸಿದ್ದು. ಎತ್ತರ ಇಳಿಸಿ ಏರಿಸಬಹುದು, ಕೆಳಬೆನ್ನಿಗೆ ಒತ್ತು ಇದೆ, ಕೈಯಾಸರೆ ಮೇಜಿನ ಮಟ್ಟಕ್ಕೆ ಬರುತ್ತೆ. ಅದರ ಜೊತೆ ತಗೊಂಡ ನಿಂತು ಕೆಲಸ ಮಾಡೋ ಮೇಜು ಮಾತ್ರ ಈಗ ಯಾವಾಗಲೂ ಕೂತು ಕೆಲಸ ಮಾಡೋ ಎತ್ತರದಲ್ಲೇ ಇದೆ. ಮೋಟಾರು ಕೊನೇ ಸಲ ಯಾವಾಗ ತಿರುಗಿತೋ ದೇವರಿಗೇ ಗೊತ್ತು.

ಲ್ಯಾಪ್‌ಟಾಪ್ ಬಳಸೋರಿಗೆ ಒಂದು ಮಾತು: ಕುರ್ಚಿಗಿಂತ ಮೊದಲು ಬೇರೆ ಕೀಬೋರ್ಡ್ ತಗೊಳ್ಳಿ. ಪರದೆ ಕಣ್ಣಿನ ಮಟ್ಟಕ್ಕೆ ಏರಿಸಿದರೆ ಕೀಲಿಮಣೆ ಎದೆ ಮಟ್ಟಕ್ಕೆ ಬರುತ್ತೆ, ಕೀಲಿಮಣೆ ಇಳಿಸಿದರೆ ಕತ್ತು ಬಗ್ಗುತ್ತೆ. ಎರಡೂ ಒಂದೇ ಹಲಗೆಯಲ್ಲಿ ಇರೋವರೆಗೂ ಎಂಥ ಕುರ್ಚಿ ತಂದರೂ ಕತ್ತು ಉಳಿಯಲ್ಲ.

ನೈಟ್ ಡ್ಯೂಟಿ
ಅಟ್ಟದ ಮೇಲೆ ಮೇಡಂ, ಆಕ್ಸಿಮೀಟರ್ ಎಸೀಬೇಡಿ. ನಾನು ವಾರ್ಡಿನಲ್ಲಿ ಕೆಲಸ ಮಾಡೋಳು. ಆಗ ಜನ ಕೊಂಡ ಸಾಮಾನಿನಲ್ಲಿ ನಿಜವಾಗಿ ಜೀವ ಉಳಿಸಿದ್ದು ಅಂತ ನಾನು ಹೇಳಬಹುದಾದ್ದು ಇದೊಂದೇ. ಕೆಲವರಿಗೆ ಉಸಿರು ಕಟ್ಟಿದ ಹಾಗೆ ಅನ್ನಿಸ್ತಾನೇ ಇರಲಿಲ್ಲ. ಮಾತಾಡ್ತಾ, ಫೋನ್ ನೋಡ್ತಾ ಇರೋರು, ಬೆರಳಿಗೆ ಹಾಕಿದರೆ ರಕ್ತದ ಆಮ್ಲಜನಕ ಶೇಕಡಾ ಎಂಬತ್ತರ ಆಸುಪಾಸು. ಮನೇಲಿ ಅಳೆದು ನೋಡಿದವರು ಬೇಗ ಬಂದರು, ಉಳಿದವರು ತಡವಾಗಿ ಬಂದರು.

ಅದು ಮಾಡೋದಿಷ್ಟೇ. ಕೆಂಪು ಬೆಳಕು, ಕಣ್ಣಿಗೆ ಕಾಣದ ಅವಗೆಂಪು ಬೆಳಕು ಎರಡನ್ನೂ ಬೆರಳಿನ ಮೂಲಕ ಹಾಯಿಸುತ್ತೆ. ಆಮ್ಲಜನಕ ಹೊತ್ತ ರಕ್ತ ಮತ್ತು ಹೊರದ ರಕ್ತ ಇವೆರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹೀರ್ತವೆ, ಆ ವ್ಯತ್ಯಾಸದಿಂದ ಲೆಕ್ಕ. ಜಪಾನಿನ ತಾಕುವೋ ಅಯೋಯಾಗಿ ಅನ್ನೋ ಎಂಜಿನಿಯರ್ 1970ರ ದಶಕದಲ್ಲಿ ಇದರ ತತ್ವ ಕಂಡುಕೊಂಡವರು. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಲೋಕದ ತುಂಬ ಜನ ಅವರ ಯಂತ್ರಕ್ಕಾಗಿ ಪರದಾಡ್ತಿದ್ದಾಗ.

ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಉಗುರಿನ ಬಣ್ಣ ತೆಗೀರಿ. ಬೆರಳು ಅಲ್ಲಾಡಿಸದೆ ಅರ್ಧ ನಿಮಿಷವಾದರೂ ಇಡಿ, ಅಂಕಿ ನಿಂತ ಮೇಲೆ ಓದಿ. ಎತ್ತಿಡುವಾಗ ಬ್ಯಾಟರಿ ತೆಗೆದಿಡಿ, ಇಲ್ಲಾಂದ್ರೆ ಸೋರಿ ತಂತಿಯ ತುದಿ ತಿಂದುಹಾಕುತ್ತೆ.

ಮೂರನೇ ಮಹಡಿ
ಅಗ್ಗದ ಆಕ್ಸಿಮೀಟರ್ ನಂಬಬಹುದಾ? ಪೆನ್ಸಿಲ್ ಇಟ್ಟರೂ 97 ತೋರಿಸೋ ವಿಡಿಯೋ ನೋಡಿದ್ದೆ.

ನೈಟ್ ಡ್ಯೂಟಿ
ಅಂಥ ಬೊಂಬೆ ಸಾಮಾನೂ ಬಂದಿದ್ದವು ಅನ್ನಿ. ಆದರೆ ಪೆನ್ಸಿಲ್ ಇಟ್ಟಾಗ ಅಂಕಿ ಬಂತು ಅಂದ ಮಾತ್ರಕ್ಕೆ ಯಂತ್ರ ಮೋಸದ್ದು ಅಂತ ಹೇಳಕ್ಕಾಗಲ್ಲ, ಹಿಡಿದ ಕೈ ಅಲುಗಿದ್ದನ್ನೇ ನಾಡಿ ಅಂತ ಲೆಕ್ಕ ಹಾಕಿರುತ್ತೆ. ಒಂದೆರಡು ಸಲ ಉಸಿರು ಬಿಗಿಹಿಡಿದರೂ ಅಂಕಿ ಅಷ್ಟು ಸುಲಭಕ್ಕೆ ಇಳಿಯಲ್ಲ, ಆ ಪರೀಕ್ಷೆಯನ್ನೂ ನೆಚ್ಚಬೇಡಿ. ಮನೆಯಲ್ಲಿ ಆರೋಗ್ಯವಾಗಿರೋ ನಾಲ್ಕು ಜನರಿಗೆ ಹಾಕಿ ನೋಡಿ, ನಾಡಿ ಬಡಿತ ಕೈಯಿಂದ ಎಣಿಸಿದ್ದಕ್ಕೆ ತಾಳೆಯಾಗುತ್ತಾ ನೋಡಿ. ಅಷ್ಟು ಸಾಕು.

ಇದಕ್ಕಿಂತ ಮುಖ್ಯವಾದ ತೊಂದರೆ ಬೇರೆ ಇದೆ. ಚರ್ಮ ಕಪ್ಪಾದಷ್ಟೂ ಈ ಯಂತ್ರಗಳು ಇರೋದಕ್ಕಿಂತ ಹೆಚ್ಚು ತೋರಿಸೋ ಸಂಭವ ಜಾಸ್ತಿ. 2020ರ ಡಿಸೆಂಬರ್‌ನಲ್ಲಿ ಅಮೆರಿಕದ ಆಸ್ಪತ್ರೆಗಳ ದಾಖಲೆ ನೋಡಿ ಬರೆದ ವರದಿಯ ಪ್ರಕಾರ, ರಕ್ತದಲ್ಲಿ ಆಮ್ಲಜನಕ ನಿಜವಾಗಿ ಕಡಿಮೆಯಿದ್ದರೂ ಯಂತ್ರ ಸರಿಯಿದೆ ಅಂತ ತೋರಿಸಿದ್ದು ಬಿಳಿಯರಿಗಿಂತ ಕಪ್ಪುಜನರಲ್ಲಿ ಸುಮಾರು 3 ಪಟ್ಟು. ಆದ್ದರಿಂದ ಒಂದೇ ಸಲದ ಅಂಕಿಗಿಂತ ಅದು ಇಳೀತಾ ಇದೆಯಾ ಅಂತ ನೋಡಿ. ಬೆಳಿಗ್ಗೆ 97, ಸಂಜೆ 95, ನಾಳೆ 93 ಅಂದರೆ ಕಾಯಬೇಡಿ.

ಕಿಟಕಿ ತೆಗೀರಿ
ಇಡೋದರ ಪಟ್ಟಿ ಮುಗೀತು. ಎಸೆಯೋದು ನಾನು ಹೇಳ್ತೀನಿ: ಯುವಿ ಪೆಟ್ಟಿಗೆ. ಸೂಕ್ಷ್ಮಾಣು ಕೊಲ್ಲೋ ಯುವಿ-ಸಿ ಕಣ್ಣಿಗೆ ಕಾಣೋದೇ ಇಲ್ಲ. ಚೆಂದದ ನೇರಳೆ ಬೆಳಕು ಕಂಡಿತು ಅಂದರೆ ಅದು ಕೆಲಸ ಮಾಡ್ತಿದೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ನಿಜವಾದ ಯುವಿ-ಸಿ ಇದ್ದರೂ ನೆರಳು ಬಿದ್ದ ಜಾಗಕ್ಕೆ ತಾಗಲ್ಲ, ಕಣ್ಣಿಗೆ ಬಿದ್ದರೆ ಕಣ್ಣು ಕೆಡುತ್ತೆ.

ಮೊದಲ ತಿಂಗಳುಗಳಲ್ಲಿ ನಾವೆಲ್ಲ ಮುಟ್ಟಿದರೆ ಅಂಟುತ್ತೆ ಅಂತ ನಂಬಿಕೊಂಡೇ ಖರೀದಿ ಮಾಡಿದ್ದು. ಅದಕ್ಕೂ ಕಾರಣ ಇತ್ತು. 2020ರ ಮಾರ್ಚ್‌ನಲ್ಲಿ ಬಂದ ಪ್ರಯೋಗದಲ್ಲಿ ಪ್ಲಾಸ್ಟಿಕ್, ಸ್ಟೀಲ್ ಮೇಲೆ ವೈರಸ್ 72 ಗಂಟೆಯವರೆಗೂ, ರಟ್ಟಿನ ಮೇಲೆ 24 ಗಂಟೆಯವರೆಗೂ ಉಳೀತಿತ್ತು. ಆ ಅಂಕಿ ಕೇಳಿದ ಮೇಲೆ ಯಾರು ತಾನೇ ಪಾರ್ಸಲ್ ಮುಟ್ತಾರೆ! ಆದರೆ ಲ್ಯಾಬಿನಲ್ಲಿ ಉಳಿಯೋದು ಬೇರೆ, ಅದರಿಂದ ಮನುಷ್ಯನಿಗೆ ಸೋಂಕು ಬರೋದು ಬೇರೆ. 2021ರ ಏಪ್ರಿಲ್ ಹೊತ್ತಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಸೋಂಕಿರೋ ಮೇಲ್ಮೈ ಒಂದು ಸಲ ಮುಟ್ಟಿದರೆ ಕಾಯಿಲೆ ಬರೋ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ 1ಕ್ಕಿಂತ ಕಡಿಮೆ ಅಂತ ಬರೆಯಿತು. ಅಷ್ಟರಲ್ಲಿ ಎಲ್ಲರ ಮನೇಲೂ ಸ್ಪ್ರೇ, ಪೆಟ್ಟಿಗೆ, ಬಾಗಿಲು ತೆಗೆಯೋ ಹಿತ್ತಾಳೆ ಕೊಕ್ಕೆ ಸೇರಿಕೊಂಡಿದ್ದವು. ಗಾಳಿಗಾಗಿ ಖರ್ಚು ಮಾಡಿದವರು ಕಡಿಮೆ.

ಮೂರನೇ ಮಹಡಿ
ಗಾಳಿ ಶುದ್ಧಿ ಮಾಡೋ ಯಂತ್ರ ನಮ್ಮಲ್ಲಿದೆ. ಈಗ ಧೂಳಿಗೆ, ಹೊಗೆಗೆ ಉಪಯೋಗ. ಅದು ವೈರಸ್ ಹಿಡೀತಿತ್ತಾ ಇಲ್ವಾ?

ಕಿಟಕಿ ತೆಗೀರಿ
ಹೆಪಾ ಫಿಲ್ಟರ್ ಇದ್ದರೆ ಹಿಡಿಯುತ್ತೆ. 0.3 ಮೈಕ್ರಾನಿನ ಕಣಗಳಲ್ಲಿ 99.97% ಹಿಡಿಯೋದಕ್ಕೇ ಆ ಹೆಸರು. ತೊಂದರೆ ಫಿಲ್ಟರ್‌ದಲ್ಲ, ಗಾತ್ರದ್ದು. ದೊಡ್ಡ ಹಾಲಿಗೆ ಮೇಜಿನ ಮೇಲಿಡೋ ಯಂತ್ರ ಇಟ್ಟರೆ ಏನೂ ಆಗಲ್ಲ. ಗಂಟೆಗೆ ಎಷ್ಟು ಗಾಳಿ ಶುದ್ಧ ಮಾಡುತ್ತೆ ಅನ್ನೋ ಅಂಕಿ ಡಬ್ಬದ ಮೇಲಿರುತ್ತೆ, ಅದನ್ನ ಕೋಣೆಯ ಉದ್ದ ಅಗಲ ಎತ್ತರಕ್ಕೆ ಹೋಲಿಸಿ. ಅಯಾನು ಬಿಡುತ್ತೆ, ಪ್ಲಾಸ್ಮಾ ಬಿಡುತ್ತೆ ಅನ್ನೋ ಗುಂಡಿ ಇದ್ದರೆ ಆರಿಸಿಡಿ, ಕೆಲವು ಶ್ವಾಸಕೋಶಕ್ಕೆ ಕೆಟ್ಟದಾದ ಓಝೋನ್ ಹೊರಹಾಕ್ತವೆ.

ಕೈಯಲ್ಲೇ ಮಾಡಿಕೊಳ್ಳೋರಿಗೆ ಕೋರ್ಸಿ-ರೋಸೆಂಥಾಲ್ ಪೆಟ್ಟಿಗೆ ಇದೆ. ರಿಚರ್ಡ್ ಕೋರ್ಸಿ, ಜಿಮ್ ರೋಸೆಂಥಾಲ್ ಅಂತ ಇಬ್ಬರು 2020ರಲ್ಲಿ ಹೊರತಂದ ಉಪಾಯ. ಮರ್ವ್-13 ದರ್ಜೆಯ (ಸಣ್ಣ ಕಣ ಹಿಡಿಯೋ) ನಾಲ್ಕೈದು ಫಿಲ್ಟರನ್ನ ಘನಾಕಾರಕ್ಕೆ ಟೇಪ್ ಹಾಕಿ ಅಂಟಿಸಿ, ಮೇಲೆ ಚೌಕದ ಫ್ಯಾನ್ ಕೂರಿಸೋದು. ನೋಡೋಕೆ ಅಸಹ್ಯ, ಕೆಲಸ ಮಾತ್ರ ಅಂಗಡಿಯ ಎಷ್ಟೋ ಯಂತ್ರಗಳಿಗಿಂತ ಮೇಲು.

ನಾನು ಆಗ ಕೊಂಡು ಇವತ್ತಿಗೂ ದಿನಾ ನೋಡೋದು ಕಾರ್ಬನ್ ಡೈಆಕ್ಸೈಡ್ ಮೀಟರ್. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ 420ರ ಸುತ್ತಮುತ್ತ ಇರುತ್ತೆ. ಮಲಗೋ ಕೋಣೆ ಬಾಗಿಲು ಹಾಕಿಕೊಂಡು ಇಬ್ಬರು ಮಲಗಿದರೆ ಬೆಳಿಗ್ಗೆ ಸಾವಿರ ದಾಟಿರುತ್ತೆ. ಅದನ್ನ ನೋಡಿ ಕಿಟಕಿ ತೆಗೆದು ಮಲಗೋಕೆ ಶುರು ಮಾಡಿದ ಮೇಲೆ, ಬೆಳಿಗ್ಗೆ ತಲೆ ಭಾರ ಆಗ್ತಿತ್ತಲ್ಲ, ಅದು ಕಡಿಮೆಯಾಯ್ತು. ತಗೊಳ್ಳೋದಾದರೆ ಎನ್‌ಡಿಐಆರ್ ಸೆನ್ಸರ್ (ಅವಗೆಂಪು ಬೆಳಕಿನಿಂದ ಆ ಅನಿಲವನ್ನೇ ಅಳೆಯೋದು) ಇರೋದು ತಗೊಳ್ಳಿ. ಬೇರೆ ಅಗ್ಗದವು ವಾಸನೆ ಪದಾರ್ಥ ಅಳೆದು ಇಷ್ಟಿರಬಹುದು ಅಂತ ಊಹೆ ಹೇಳ್ತವೆ.

ತಲೆಕೂದಲು
ಟ್ರಿಮ್ಮರ್. ಮನೆ ಮಂದಿಗೆಲ್ಲ ನಾನೇ ಕ್ಷೌರಿಕ. ಮೊದಲ ಸಲ ಮಗನ ತಲೆ ನೋಡಿ ನಮ್ಮ ಮನೆಯವಳು ನಕ್ಕಿದ್ದು ಬಿಟ್ಟರೆ ಈಗ ಎಲ್ಲರೂ ಒಪ್ಪಿಕೊಂಡಿದ್ದಾರೆ. ಅಷ್ಟೇ ನನ್ನ ಕಥೆ.

ನೇರ ಮಾತು
ಎಲ್ಲ ಸರಿ, ಆದರೆ ಒಬ್ಬರೂ ಮುಖ್ಯ ವಿಷಯ ಎತ್ತಲಿಲ್ಲ. ಜನ ಹುಚ್ಚುಹುಚ್ಚಾಗಿ ಬಾಚಿಕೊಂಡು ಹೋದರಲ್ಲ, ಅದಕ್ಕೇ ತಾನೇ ಬೇಕಾದವರಿಗೆ ಸಿಗದೇ ಹೋದದ್ದು? ಟಾಯ್ಲೆಟ್ ಪೇಪರಿಗೆ ಅಂಗಡಿಯಲ್ಲಿ ಹೊಡೆದಾಡಿದ್ದು ಲೋಕ ನೋಡಿದೆ. ನಾಚಿಕೆ ಅನ್ನೋದು ಇದ್ದಿದ್ದರೆ ಯಾರಿಗೂ ಕೊರತೆ ಆಗ್ತಿರಲಿಲ್ಲ.

ಗೋದಾಮು
ಸರ್, ಸಿಟ್ಟು ನ್ಯಾಯವೇ. ಆದರೆ ನಾನು ಸಗಟು ಸರಬರಾಜಿನಲ್ಲಿ ಇದ್ದವನು, ಒಳಗಿಂದ ನೋಡಿದ್ದು ಬೇರೆ ಥರ. ಕಪಾಟು ಖಾಲಿಯಾಗೋಕೆ ಯಾರೂ ಲಾರಿಗಟ್ಟಲೆ ಒಯ್ಯಬೇಕಿಲ್ಲ. ಪ್ರತಿಯೊಬ್ಬರೂ ಒಂದು ತಗೊಳ್ಳೋ ಕಡೆ ಎರಡು ತಗೊಂಡರೆ ಸಾಕು. ಟಾಯ್ಲೆಟ್ ಪೇಪರ್ ನೋಡಿ. ಗಾತ್ರ ದೊಡ್ಡದು, ಲಾಭ ಸಣ್ಣದು. ಅದನ್ನ ಗುಡ್ಡೆ ಹಾಕಿಡೋಕೆ ಯಾವ ಅಂಗಡಿಯವನೂ ಜಾಗ ಕೊಡಲ್ಲ. ದಿನದಿನವೂ ಬರುತ್ತೆ, ದಿನದಿನವೂ ಹೋಗುತ್ತೆ. ವರ್ಷವಿಡೀ ಬೇಡಿಕೆ ಒಂದೇ ಮಟ್ಟದಲ್ಲಿರೋ ಪದಾರ್ಥ ಅದು, ಕಾರ್ಖಾನೆಯೂ ಹಗಲು ರಾತ್ರಿ ಪೂರ್ತಿ ಓಡ್ತಾನೇ ಇರುತ್ತೆ. ಒಂದೇ ಸಲ ಹೆಚ್ಚು ಮಾಡು ಅಂದರೆ ಹೆಚ್ಚಿಸೋಕೆ ಅಲ್ಲಿ ಬಿಡುವೇ ಇಲ್ಲ.

ಇನ್ನೊಂದು ಯಾರೂ ಯೋಚಿಸಿದ ಹಾಗೆ ಕಾಣಲ್ಲ. ಆಫೀಸು, ಶಾಲೆ, ಹೋಟೆಲು ಎಲ್ಲ ಮುಚ್ಚಿ ಜನ ಮನೆಯಲ್ಲೇ ಉಳಿದರು. ದಿನದ ಅರ್ಧ ಹೊರಗೆ ಬಳಸ್ತಿದ್ದವರು ಪೂರ್ತಿ ಮನೇಲೇ ಬಳಸೋಕೆ ಶುರು ಮಾಡಿದರು. ಅಂದರೆ ಮನೆಗೆ ನಿಜವಾಗಿಯೂ ಹೆಚ್ಚು ಬೇಕಾಯ್ತು, ಅದು ದುರಾಸೆ ಅಲ್ಲ. ಆಫೀಸಿನ ದೊಡ್ಡ ಉರುಳೆಗಳು ಗೋದಾಮಿನಲ್ಲಿ ರಾಶಿ ಬಿದ್ದಿದ್ದವು. ಅವುಗಳ ಅಳತೆ ಬೇರೆ, ಕಟ್ಟು ಬೇರೆ, ತರಿಸೋ ವ್ಯಾಪಾರಿಯೇ ಬೇರೆ, ಬಾರ್‌ಕೋಡ್ ಕೂಡ ಇಲ್ಲ. ಒಂದು ಕಡೆ ಕೊಳೀತಿದ್ದ ಮಾಲು ಇನ್ನೊಂದು ಕಡೆ ಇಲ್ಲವೇ ಇಲ್ಲ. ಖಾಲಿ ಕಪಾಟಿನ ಫೋಟೋ ಹರಿದಾಡಿದ ಮೇಲೆ, ಬುದ್ಧಿ ಇರೋನೂ ಸಿಕ್ಕಿದಾಗ ಒಂದು ಹೆಚ್ಚಿಗೆ ಇರಲಿ ಅಂತಾನೆ. ಅವನನ್ನ ಬೈದು ಏನು ಬಂತು?

ನೇರ ಮಾತು
ಹಾಗಾದರೆ ಅಮೆರಿಕದ ಟೆನ್ನೆಸಿಯಲ್ಲಿ 17,700 ಬಾಟಲಿ ಸ್ಯಾನಿಟೈಸರ್ ಕೂಡಿಟ್ಟು ದುಬಾರಿಗೆ ಮಾರೋಕೆ ಹೊರಟವನೂ ಪಾಪದವನೇ ಅನ್ನಿ!

ಗೋದಾಮು
ಅವನನ್ನ ಯಾರು ಸಮರ್ಥಿಸಿದರು? ಅದು ಕಾಳಸಂತೆ. ಸುದ್ದಿಯಾದ ಮೇಲೆ ಸರ್ಕಾರ ತನಿಖೆಗಿಳಿಯಿತು, ಮಾಲು ದಾನಕ್ಕೆ ಹೋಯ್ತು. ಕೂಡಿಟ್ಟು ಮಾರೋನು, ಮನೆಗೆ ಎರಡು ಹೆಚ್ಚಿಗೆ ತಂದೋನು, ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಂತಷ್ಟೇ ನಾನು ಹೇಳಿದ್ದು. ನನ್ನ ಅನುಭವದಲ್ಲಿ ತಲೆಗೆ ಇಷ್ಟೇ ಅಂತ ಮಿತಿ ಹಾಕಿದ ಅಂಗಡಿಗಳಲ್ಲಿ ಗದ್ದಲ ಬೇಗ ಇಳೀತು. ಉಪದೇಶದಿಂದ ಇಳಿದದ್ದು ನಾನು ನೋಡಿಲ್ಲ.

ಮಾತ್ರೆ ಡಬ್ಬಿ
ನೇರ ಮಾತು ಅವರ ಸಿಟ್ಟು ನನಗೆ ಅರ್ಥ ಆಗುತ್ತೆ. ನಮ್ಮಕ್ಕನಿಗೆ ಲೂಪಸ್, ದೇಹದ ರೋಗನಿರೋಧಕ ಶಕ್ತಿಯೇ ದೇಹದ ಮೇಲೆ ತಿರುಗಿಬೀಳೋ ಕಾಯಿಲೆ. ವರ್ಷಗಳಿಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಮೇಲೇ ಇದ್ದಾಳೆ. 2020ರ ಮಾರ್ಚ್‌ನಲ್ಲಿ ದೊಡ್ಡವರೆಲ್ಲ ಕೋವಿಡ್‌ಗೆ ಮದ್ದು ಅಂತ ಅದರ ಹೆಸರು ಹೇಳಿದ್ದೇ ತಡ, ಕಾಯಿಲೆ ಇಲ್ಲದವರೂ ಪಟ್ಟಿಗಟ್ಟಲೆ ಒಯ್ದರು. ಅಕ್ಕನಿಗೆ ಮಾತ್ರೆ ಇಲ್ಲ. ಅರ್ಧ ಅರ್ಧ ಮಾಡಿ ನುಂಗಿದಳು, ಕೀಲು ಊದಿಕೊಂಡು ಕೂತಳು. ಜೂನ್ 15ಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಾನು ಕೊಟ್ಟ ತುರ್ತು ಅನುಮತಿ ಹಿಂತೆಗೆದುಕೊಂಡಿತು. ಕೂಡಿಟ್ಟವರ ಡ್ರಾಯರಿನಲ್ಲಿದ್ದ ಮಾತ್ರೆ ಮಾತ್ರ ಯಾರೂ ಹಿಂದಿರುಗಿಸಲಿಲ್ಲ. ಟಾಯ್ಲೆಟ್ ಪೇಪರ್ ಇಲ್ಲದಿದ್ದರೆ ನೀರಿದೆ. ಇದಕ್ಕೆ ಬದಲಿ ಏನಿತ್ತು?

ಗೋದಾಮು
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಕ್ಕಾ. ಔಷಧಿಯ ಮಾತೇ ಬೇರೆ, ಒಪ್ಪಿದೆ.

ನೈಟ್ ಡ್ಯೂಟಿ
ಮಾತ್ರೆ ಡಬ್ಬಿ ಅವರ ಮಾತಿಗೆ ಇದನ್ನೂ ಸೇರಿಸ್ತೀನಿ. ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಕೋವಿಡ್ ರೋಗಿಗಳ ಜೀವ ಉಳಿಸುತ್ತೆ ಅಂತ ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಗೊತ್ತಾಯ್ತು, ನಿಜ. ಆದರೆ ಉಳಿಸಿದ್ದು ಆಮ್ಲಜನಕ ಅಥವಾ ವೆಂಟಿಲೇಟರ್ ಬೇಕಾದವರನ್ನ. ಆಮ್ಲಜನಕವೇ ಬೇಡದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಜ್ವರ ಬಂದ ಮೊದಲ ದಿನವೇ ಮನೇಲಿದ್ದ ಸ್ಟೀರಾಯ್ಡ್ ನುಂಗಿಕೊಂಡು ಬಂದವರನ್ನ ನೋಡಿದ್ದೀನಿ. ಉಳಿದಿದ್ದರೆ ದಯವಿಟ್ಟು ಮನೇಲಿ ಇಡಬೇಡಿ.

ಕಾಲುದಾರಿ
ಸ್ವಲ್ಪ ಹಗುರ ಮಾಡೋಣ್ರಿ. ಟ್ರೆಡ್‌ಮಿಲ್ ತಗೊಂಡವ್ರು ಕೈ ಎತ್ರಿ ನೋಡೋಣ. ನಮ್ಮ ಮನ್ಯಾಗ ಅದರ ಮ್ಯಾಲೆ ಈಗ ಒಣಗಿದ ಬಟ್ಟಿ. ಪೆಲೊಟನ್ ಅನ್ನೋ ಕಂಪನಿ ನೋಡ್ರಿ. ಜನ ಮನಿಯೊಳಗ ಕುಂತಾಗ ಮನ್ಯಾಗ ತುಳಿಯೋ ವ್ಯಾಯಾಮದ ಸೈಕಲ್ ಮಾಡಿ ಮಾಡಿ ಸುಸ್ತಾಯ್ತು. ಜಿಮ್ ತೆರೆದ ಮ್ಯಾಲೆ 2022ರ ಫೆಬ್ರುವರಿಯೊಳಗ ಸುಮಾರು 2,800 ಮಂದಿನ ಕೆಲಸದಿಂದ ತೆಗೀತು. ಇದೇ ಗಿರಾಕಿ ಕಾಯಂ ಇರ್ತಾರಂತ ತಿಳಕೊಂಡಿದ್ರು.

ಮಕ್ಕಳಿರೋ ಮನಿಯವ್ರು ಟ್ರೆಡ್‌ಮಿಲ್ಲಿನ ಸುರಕ್ಷಾ ಕೀಲಿ ತೆಗೆದು ಬ್ಯಾರೆ ಕಡೆ ಇಡ್ರಿ. ಆ ಕಂಪನಿ ತನ್ನ ಟ್ರೆಡ್+ ಮಾದರಿನ 2021ರ ಮೇ ತಿಂಗಳಾಗ ವಾಪಸ್ ಕರೆಸಿದ್ದು ಒಂದು ಮಗು ಸತ್ತ ಮ್ಯಾಲೆ. ಬೆಲ್ಟಿನ ಹಿಂದ ಕೂಸು, ನಾಯಿ, ಚೆಂಡು ಏನ ಬಂದ್ರೂ ಒಳಗ ಎಳಕೊಳ್ಳತ್ತ.

ಅದರ ಬದಲಿ ನನಗ ಉಳಿದದ್ದು ಸೈಕಲ್. ಆರ್ಡರ್ ಮಾಡಿದ್ರ ತಿಂಗಳಾನುಗಟ್ಟಲೆ ಕಾಯೂ ಪರಿಸ್ಥಿತಿ. ಫ್ರೇಮ್ ಇದ್ರ ಗೇರ್ ಇಲ್ಲ, ಗೇರ್ ಬಂದ್ರ ಚೈನ್ ಇಲ್ಲ. ಕಾಯದೆ ಹಳೇ ಸೈಕಲ್ ತಗೊಂಡು ರಿಪೇರಿ ಮಾಡಿಸಿದೆ, ಇನ್ನೂ ಓಡತೈತಿ. ಆವಾಗ ಹೊಸದಕ್ಕ ಕಾದವ್ರಿಗೆ ಮಾಲು ಬರೂದ್ರೊಳಗ ಹುಮ್ಮಸ್ಸು ಆರಿತ್ತು. ಆಮ್ಯಾಲೆ 2023ರ ಹೊತ್ತಿಗೆ ಅಂಗಡಿಯವ್ರೇ ಸೈಕಲ್ ಮಾರಾಟ ಆಗವಲ್ವು ಅಂತ ರಿಯಾಯಿತಿ ಕೊಡಾಕ ಹತ್ತಿದ್ರು.

ತಿರುಪು ಬಿಗಿ
ರಿಪೇರಿ ಅಂಗಡಿಯವನ ಕಡೆಯಿಂದ ನಾಲ್ಕು ಮಾತು. ಆಗ ಮಕ್ಕಳ ಪಾಠಕ್ಕೆ, ಆಫೀಸಿಗೆ ಅಂತ ಲ್ಯಾಪ್‌ಟಾಪ್, ವೆಬ್‌ಕ್ಯಾಮ್ ಸಿಕ್ಕದ್ದನ್ನೆಲ್ಲ ಜನ ಒಯ್ದರು. ಕಾರಿನ ಕಂಪನಿಗಳು 2020ರ ಶುರುವಿನಲ್ಲಿ ಚಿಪ್ ಆರ್ಡರ್ ರದ್ದು ಮಾಡಿದವು, ಆ ಜಾಗ ಕಂಪ್ಯೂಟರ್, ಆಟದ ಯಂತ್ರಗಳಿಗೆ ಹೋಯ್ತು. ಮತ್ತೆ ಕಾರಿಗೆ ಬೇಡಿಕೆ ಬಂದಾಗ ಸರದಿಯ ಕೊನೆಯಲ್ಲಿ ನಿಂತರು. 2021ರ ಮಾರ್ಚ್‌ನಲ್ಲಿ ಸೂಯೆಜ್ ಕಾಲುವೆಗೆ ಎವರ್ ಗಿವನ್ ಹಡಗು ಅಡ್ಡ ನಿಂತಿತಲ್ಲ, ಮೊದಲೇ ತಡವಾಗ್ತಿದ್ದ ಮಾಲು ಇನ್ನೂ ತಡ.

ಆ ಗಡಿಬಿಡಿಯಲ್ಲಿ ಕೊಂಡ ಯಂತ್ರಗಳಲ್ಲಿ ಈಗ ನನ್ನ ಮೇಜಿಗೆ ಬರೋದು ಬಹುಪಾಲು ಒಂದೇ ಜಾತಿ. ನಾಲ್ಕು ಜಿಬಿ ರ‍್ಯಾಮ್, ಬೋರ್ಡಿಗೇ ಬೆಸುಗೆ ಹಾಕಿರೋದರಿಂದ ಹೆಚ್ಚಿಸೋಕೂ ಆಗಲ್ಲ. ಸಿಕ್ಕಿದ್ದು ತಗೊಂಡರು, ತಪ್ಪು ಅವರದಲ್ಲ. ವಿಂಡೋಸ್ ಬದಲು ಹಗುರವಾದ ಲಿನಕ್ಸ್ ಹಾಕಿಕೊಟ್ಟರೆ ಓದು, ಟೈಪಿಂಗ್‌ಗೆ ಸಾಕಾಗುತ್ತೆ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಮಾತ್ರ ಚಾರ್ಜಿಗೆ ಹಾಕಲೇಬೇಡಿ, ಚುಚ್ಚಲೂ ಬೇಡಿ, ಹಾಗೇ ತಂದುಕೊಡಿ.

ಅಟ್ಟದ ಮೇಲೆ
ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಯುವಿ ಪೆಟ್ಟಿಗೆ, ಫೇಸ್ ಶೀಲ್ಡ್ ಹೋದವು. ಸ್ಯಾನಿಟೈಸರ್ ಸಿಂಕಿಗೆ ಸುರಿಯಲಾ? ಎನ್95 ಇನ್ನೂ ನಡೆಯುತ್ತಾ?

ನೈಟ್ ಡ್ಯೂಟಿ
ಸುರಿಯಬೇಡಿ! ಅದು ಬೆಂಕಿ ಹತ್ತೋ ಪದಾರ್ಥ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲೇ 80% ಎಥನಾಲ್ ಅಥವಾ 75% ಐಸೊಪ್ರೊಪೈಲ್ ಇರುತ್ತೆ. ನಿಮ್ಮಲ್ಲಿ ಅಪಾಯಕಾರಿ ತ್ಯಾಜ್ಯ ತಗೊಳ್ಳೋ ಕಡೆ ಕೊಡಿ. ಮುಚ್ಚಳ ಸಡಿಲವಿದ್ದರೆ ಆಲ್ಕೋಹಾಲ್ ಹಾರಿಹೋಗಿ ಬರೀ ನೀರು ಉಳಿದಿರುತ್ತೆ, ಕೈಗೆ ಹಚ್ಚಿ ಪ್ರಯೋಜನ ಇಲ್ಲ. ಯಾರು ತಯಾರಿಸಿದ್ದು ಅಂತಲೇ ಇಲ್ಲದ ಬಾಟಲಿಯಾದರೆ ಬಳಸಲೇಬೇಡಿ. ಕೆಲವು ಸ್ಯಾನಿಟೈಸರ್‌ಗಳಲ್ಲಿ ವಿಷಕಾರಿ ಮೆಥನಾಲ್ ಇದೆ ಅಂತ 2020ರ ಜೂನ್‌ನಿಂದಲೇ ಎಫ್‌ಡಿಎ ಎಚ್ಚರಿಕೆ ಕೊಡ್ತಾ ಬಂದಿತ್ತು. ವಾಂತಿ ಭೇದಿ ತರೋ ನೊರೋವೈರಸ್‌ಗೆ ಹೇಗೂ ಸೋಪು ನೀರೇ ಮೇಲು.

ಎನ್95 ಕೆಲಸ ಮಾಡೋದು ಬಟ್ಟೆಯ ರಂಧ್ರದಿಂದ ಮಾತ್ರ ಅಲ್ಲ, ಒಳಪದರದಲ್ಲಿ ಕೂರಿಸಿದ ಸ್ಥಾಯಿ ವಿದ್ಯುತ್ತಿನಿಂದ. ಕಣಗಳನ್ನ ಎಳೆದು ಹಿಡಿಯೋದು ಅದೇ. ಅದಕ್ಕೇ ತೊಳೆದರೆ, ಸ್ಯಾನಿಟೈಸರ್ ಸಿಂಪಡಿಸಿದರೆ ಹಾಳು. ಒಣಜಾಗದಲ್ಲಿ ಕಟ್ಟು ಬಿಚ್ಚದೆ ಇದ್ದರೆ ಪದರ ಚೆನ್ನಾಗೇ ಇರಬಹುದು, ಆದರೆ ದಾರದ ಎಲಾಸ್ಟಿಕ್ ಮತ್ತು ಮೂಗಿನ ಹತ್ತಿರದ ಸ್ಪಂಜು ಮೊದಲು ಸಾಯ್ತವೆ. ಎಳೆದು ನೋಡಿ. ಎಲಾಸ್ಟಿಕ್ ತುಂಡಾದರೆ, ಸ್ಪಂಜು ಪುಡಿಯಾದರೆ ಬಿಸಾಡಿ. ಗಟ್ಟಿಯಿದ್ದರೆ ಸುಣ್ಣ ಬಳಿಸೋವಾಗ, ಧೂಳು ಗುಡಿಸೋವಾಗ ಹಾಕಿಕೊಳ್ಳಿ.

ಮೂರನೇ ಮಹಡಿ
ನಮ್ಮ ಚಿಕ್ಕಪ್ಪನ ಮನೇಲಿ ಆಕ್ಸಿಜನ್ ಕಾನ್ಸೆಂಟ್ರೇಟರ್ ಸುಮ್ಮನೆ ಕೂತಿದೆ. ಇಟ್ಟುಕೊಂಡರೆ ಮುಂದೆ ಬೇಕಾದಾಗ ಆಗುತ್ತೆ ಅಂತಾರೆ.

ತಿರುಪು ಬಿಗಿ
ಸುಮ್ಮನೆ ಇಟ್ಟರೆ ಹಾಳಾಗೋ ಯಂತ್ರ ಅದು. ಒಳಗೆ ಝಿಯೋಲೈಟ್ ಹರಳು ಇರುತ್ತೆ. ಗಾಳಿಯನ್ನ ಒತ್ತಿ ಅದರ ಮೂಲಕ ಹಾಯಿಸಿದಾಗ ಸಾರಜನಕ ಅದಕ್ಕೆ ಅಂಟಿಕೊಳ್ಳುತ್ತೆ, ಆಮ್ಲಜನಕ ಮುಂದೆ ಬರುತ್ತೆ. ಆ ಹರಳು ತೇವ ಹೀರಿದರೆ ಶಕ್ತಿ ಕಳಕೊಳ್ಳುತ್ತೆ. ಮೋಟಾರು ಸದ್ದು ಮಾಡುತ್ತೆ, ಗಾಳಿ ಬರುತ್ತೆ, ಆಮ್ಲಜನಕ ಮಾತ್ರ ಇರಬೇಕಾದ ಹಾಗೆ 90%ರ ಮೇಲೆ ಇರಲ್ಲ. ನಡುನಡುವೆ ಓಡಿಸ್ತಾ ಇರಬೇಕು, ಶುದ್ಧತೆ ಅಳೆಯೋ ಮೀಟರಿನಲ್ಲಿ ನೋಡಿಸಬೇಕು. ಚಿಕ್ಕಪ್ಪನವರಿಗೆ ಹೇಳಿ, ಉಸಿರಾಟದ ಕಾಯಿಲೆಯವರಿಗೆ ಪುಕ್ಕಟೆ ಎರವಲು ಕೊಡೋ ಸಂಘ ಸಂಸ್ಥೆ ಇದ್ದರೆ ಈಗಲೇ ಒಪ್ಪಿಸಲಿ.

ತಲೆಕೂದಲು
ತಿರುಪು ಬಿಗಿ ಸರ್, ನನ್ನ ಟ್ರಿಮ್ಮರ್ ಈಚೆಗೆ ಕೂದಲು ಕತ್ತರಿಸೋ ಬದಲು ಜಗ್ಗುತ್ತೆ. ಹೊಸದು ತಗೊಳ್ಳಲಾ?

ತಿರುಪು ಬಿಗಿ
ಬೇಡ. ಬ್ಲೇಡ್ ಬಿಚ್ಚಿ ಬ್ರಷ್‌ನಿಂದ ಕೂದಲು ತೆಗೆದು, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು ಸ್ವಲ್ಪ ಹೊತ್ತು ಓಡಿಸಿ. ಅಡುಗೆ ಎಣ್ಣೆ ಹಾಕಬೇಡಿ, ಅಂಟಾಗುತ್ತೆ. ಆಮೇಲೂ ಜಗ್ಗಿದರೆ ಬ್ಯಾಟರಿ ಸೋತಿದೆ. ಅದನ್ನ ಬದಲಾಯಿಸಬಹುದು, ಮಾದರಿ ಸಂಖ್ಯೆ ಹಾಕಿ.